ಒಂದೇ ಸ್ವರ, ಬೇರೆ ಬೇರೆ ವಾದ್ಯ: ಸ್ಪೆಕ್ಟ್ರಮ್ ಹೋಲಿಸಲು ಸರಿಯಾದ ರೆಕಾರ್ಡಿಂಗ್ ಹುಡುಕುವುದು ಹೇಗೆ?

ಫ್ಲೂಟ್ ಮತ್ತು ವಯಲಿನ್ ಎರಡರ ಸ್ಪೆಕ್ಟ್ರಮ್, ಅಂದರೆ ಶಬ್ದದಲ್ಲಿ ಯಾವ ಆವರ್ತನ ಎಷ್ಟು ಬಲವಾಗಿದೆ ಎಂದು ತೋರಿಸುವ ಗ್ರಾಫ್, ಅಕ್ಕಪಕ್ಕ ಇಟ್ಟು ನೋಡಿದ ಮೊದಲ ದಿನ ಏನೋ ದೊಡ್ಡದು ಕಂಡುಹಿಡಿದೆ ಅಂದುಕೊಂಡಿದ್ದೆ. ಎರಡರಲ್ಲೂ 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕೊಯ್ದ ಹಾಗೆ ಶಬ್ದ ನಿಂತುಹೋಗಿತ್ತು. ಟ್ರಂಪೆಟ್ ತೆಗೆದು ನೋಡಿದೆ, ಅಲ್ಲೂ ಅಷ್ಟೇ. ಮೂರು ವಾದ್ಯಗಳಿಗೂ ಒಂದೇ ಗಡಿ ಹೇಗೆ ಬಂತು ಎಂದು ತಲೆ ಕೆರೆದುಕೊಂಡು ಅರ್ಧ ದಿನ ಕಳೆದ ಮೇಲೆ ಗೊತ್ತಾಯಿತು: ಅದು ವಾದ್ಯದ ಗುಣವೇ ಅಲ್ಲ, ಎಂಪಿ3 ಫೈಲಿನ ಗುಣ. ಫೈಲ್ ಚಿಕ್ಕದಾಗಲಿ ಎಂದು ಮೇಲಿನ ಆವರ್ತನಗಳನ್ನು ಯಾರೋ ಮೊದಲೇ ಕತ್ತರಿಸಿ ಎಸೆದಿದ್ದರು.

ಈ ಕೆಲಸದಲ್ಲಿ ಸಾಫ್ಟ್‌ವೇರ್ ಕಷ್ಟವಲ್ಲ, ಎರಡು ನಿಮಿಷದಲ್ಲಿ ಗ್ರಾಫ್ ಬರುತ್ತದೆ. ಕಷ್ಟವಿರುವುದು ಒಂದಕ್ಕೊಂದು ಹೋಲಿಸಲು ಯೋಗ್ಯವಾದ ರೆಕಾರ್ಡಿಂಗ್ ಹುಡುಕುವುದರಲ್ಲಿ. ಬೇರೆ ಬೇರೆ ಕೋಣೆ, ಬೇರೆ ಬೇರೆ ಮೈಕ್, ಬೇರೆ ಬೇರೆ ಜೋರಿನಲ್ಲಿ ನುಡಿಸಿದ ಎರಡು ಫೈಲ್ ತಂದರೆ ನೀವು ಹೋಲಿಸುವುದು ಕೋಣೆಗಳನ್ನೇ ಹೊರತು ವಾದ್ಯಗಳನ್ನಲ್ಲ. ಹಾಗಾಗಿ ಈ ಬರಹದಲ್ಲಿ ಹುಡುಕಾಟಕ್ಕೇ ಜಾಸ್ತಿ ಜಾಗ.

ಹುಡುಕುವ ಮೊದಲು ಸ್ವರ ಗೊತ್ತು ಮಾಡಿಕೊಳ್ಳಿ

ಎಲ್ಲರೂ ಸುಮ್ನೆ ಎ4, ಅಂದರೆ 440 ಹರ್ಟ್ಸ್ ಆರಿಸಿಕೊಳ್ಳುತ್ತಾರೆ. ಲೆಕ್ಕಕ್ಕೆ ಸುಲಭ, ನಿಜ. ಆದರೆ ನಾನು ಡಿ4 ಆರಿಸುತ್ತೇನೆ. ಇದರ ಆವರ್ತನ 293.66 ಹರ್ಟ್ಸ್. ಫ್ಲೂಟ್, ಓಬೋ, ಕ್ಲಾರಿನೆಟ್, ಟ್ರಂಪೆಟ್, ವಯಲಿನ್, ಪಿಯಾನೋ ಎಲ್ಲದರಲ್ಲೂ ಈ ಸ್ವರ ಇದೆ. ಮುಖ್ಯ ಕಾರಣ ಕ್ಲಾರಿನೆಟ್. ಡಿ4 ಅದರ ಕೆಳಗಿನ ಶ್ರೇಣಿಯಲ್ಲಿ ಬರುತ್ತದೆ, ಕ್ಲಾರಿನೆಟ್‌ನ ವಿಶೇಷ ಗುಣ ಎದ್ದು ಕಾಣುವುದು ಅಲ್ಲೇ. ಎ4ಗೆ ಹೋದರೆ ಶ್ರೇಣಿ ಬದಲಾಗಿರುತ್ತದೆ, ಆ ಗುಣ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಸ್ವರದ ಹೆಸರಿನಲ್ಲಿ ಎರಡು ಕಡೆ ಎಡವುವ ಸಾಧ್ಯತೆ ಇದೆ. ಮೊದಲನೆಯದು ಸಂಖ್ಯೆ. ಪಿಯಾನೋದ ನಡುಮಧ್ಯದ ಸಿ ಸ್ವರವನ್ನು ಹೆಚ್ಚಿನವರು ಸಿ4 ಎನ್ನುತ್ತಾರೆ, ಯಮಹಾ ಪದ್ಧತಿಯಲ್ಲಿ ಅದೇ ಸ್ವರ ಸಿ3. ಆದ್ದರಿಂದ ಹೆಸರು ನಂಬಬೇಡಿ, ಹರ್ಟ್ಸ್ ನೋಡಿ. ಎರಡನೆಯದು, ಕ್ಲಾರಿನೆಟ್ ಮತ್ತು ಟ್ರಂಪೆಟ್‌ನಂಥ ವಾದ್ಯಗಳಲ್ಲಿ ಬರೆದ ಸ್ವರ ಬೇರೆ, ಕೇಳುವ ಸ್ವರ ಬೇರೆ. ಬಿ-ಫ್ಲಾಟ್ ಕ್ಲಾರಿನೆಟ್ ವಾದಕ ತನ್ನ ಹಾಳೆಯಲ್ಲಿ ಇ4 ನೋಡಿ ನುಡಿಸಿದರೆ ನಮ್ಮ ಕಿವಿಗೆ ಬೀಳುವುದು ಡಿ4. ಫೈಲಿಗೆ ಹೆಸರಿಟ್ಟವರು ಯಾವುದನ್ನು ಬರೆದಿದ್ದಾರೆ ಎನ್ನುವುದು ಗ್ರಾಫ್ ತೆಗೆದಾಗ ಗೊತ್ತಾಗುತ್ತದೆ.

ಸ್ವರದ ಜೊತೆಗೆ ಇನ್ನೂ ಎರಡು ವಿಷಯ ಮೊದಲೇ ನಿರ್ಧರಿಸಿ: ಎಷ್ಟು ಜೋರಾಗಿ ನುಡಿಸಿದ್ದು ಬೇಕು, ವೈಬ್ರಾಟೋ (ಸ್ವರವನ್ನು ಸಣ್ಣಗೆ ಆಚೀಚೆ ತೂಗಿಸುವುದು) ಇರಬೇಕೋ ಬೇಡವೋ. ಜೋರು ಅಂದರೆ ಬರೀ ವಾಲ್ಯೂಮ್ ಅಲ್ಲ. ಟ್ರಂಪೆಟ್ ಮೆಲ್ಲಗೆ ಊದಿದರೆ ಮೇಲಿನ ಹಾರ್ಮೋನಿಕ್‌ಗಳು (ಸ್ವರದ ಮೂಲ ಆವರ್ತನದ ಎರಡು ಪಟ್ಟು, ಮೂರು ಪಟ್ಟು ಹೀಗೆ ಜೊತೆಗೆ ಬರುವ ಆವರ್ತನಗಳು) ಬೇಗ ಇಳಿದುಹೋಗುತ್ತವೆ, ಜೋರಾಗಿ ಊದಿದರೆ ಅವೆಲ್ಲ ಎದ್ದು ನಿಲ್ಲುತ್ತವೆ. ಒಂದೇ ಟ್ರಂಪೆಟ್, ಒಂದೇ ಸ್ವರ, ಆದರೂ ಸ್ಪೆಕ್ಟ್ರಮ್ ಎರಡು ಬೇರೆ ವಾದ್ಯಗಳದ್ದೇನೋ ಎನ್ನುವಷ್ಟು ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ವಾಲ್ಯೂಮ್ ಏರಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಆರಂಭಕ್ಕೆ ಎಂಎಫ್, ಅಂದರೆ ಮಧ್ಯಮ ಜೋರು, ಮತ್ತು ವೈಬ್ರಾಟೋ ಇಲ್ಲದ್ದು ಒಳ್ಳೆಯದು.

ವೈಬ್ರಾಟೋ ಯಾಕೆ ಬೇಡ? ಸ್ವರ 3 ಹರ್ಟ್ಸ್‌ನಷ್ಟು ಆಚೀಚೆ ತೂಗಿದರೆ ಹತ್ತನೇ ಹಾರ್ಮೋನಿಕ್ 30 ಹರ್ಟ್ಸ್‌ನಷ್ಟು ತೂಗುತ್ತದೆ. ಗ್ರಾಫಿನಲ್ಲಿ ಕೆಳಗಿನ ಶಿಖರಗಳು ಚೂಪಾಗಿ, ಮೇಲಿನವು ಗುಡ್ಡದ ಹಾಗೆ ಅಗಲವಾಗಿ, ತಗ್ಗಾಗಿ ಕಾಣುತ್ತವೆ. ಮೇಲಿನ ಹಾರ್ಮೋನಿಕ್ ದುರ್ಬಲ ಎಂದು ನೀವು ಬರೆದುಕೊಳ್ಳುತ್ತೀರಿ. ಅದು ದುರ್ಬಲವಾಗಿರುವುದಿಲ್ಲ, ಹರಡಿಕೊಂಡಿರುತ್ತದೆ ಅಷ್ಟೇ.

ಎಲ್ಲಿ ಸಿಗುತ್ತದೆ

ನಾನು ಮೊದಲು ಹೋಗುವುದು ಅಯೋವಾ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ ಮ್ಯೂಸಿಕ್ ಸ್ಟುಡಿಯೋಸ್ ಸಂಗ್ರಹಕ್ಕೆ. 1997ರಿಂದ ಇದು ಎಲ್ಲರಿಗೂ ಉಚಿತ, ಬಳಕೆಗೆ ನಿರ್ಬಂಧವೂ ಇಲ್ಲ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಪಿಯಾನೋ ಬಿಟ್ಟರೆ ಇಲ್ಲಿನ ವಾದ್ಯಗಳನ್ನು ಪ್ರತಿಧ್ವನಿಯೇ ಇಲ್ಲದ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದಾರೆ. ಅಂದರೆ ಕೋಣೆಯ ಬಣ್ಣ ಸ್ವರಕ್ಕೆ ಅಂಟಿಕೊಂಡಿಲ್ಲ. ಪ್ರತಿ ಸ್ವರವೂ ಪಿಪಿ (ತುಂಬಾ ಮೆಲ್ಲಗೆ), ಎಂಎಫ್, ಎಫ್‌ಎಫ್ (ತುಂಬಾ ಜೋರಾಗಿ) ಎಂದು ಮೂರು ಜೋರಿನಲ್ಲಿ ಸಿಗುತ್ತದೆ. ಫ್ಲೂಟ್‌ನಂಥ ಕೆಲವು ವಾದ್ಯಗಳಿಗೆ ವೈಬ್ರಾಟೋ ಇರುವುದು, ಇಲ್ಲದ್ದು ಎರಡೂ ಇವೆ. ತಂತಿವಾದ್ಯಗಳಲ್ಲಿ ಯಾವ ತಂತಿಯ ಮೇಲೆ ನುಡಿಸಿದ್ದು ಎನ್ನುವುದೂ ಫೈಲಿನ ಹೆಸರಿನಲ್ಲೇ ಇರುತ್ತದೆ. ನಮಗೆ ಇದು ಬೇಕೇ ಬೇಕು. ಯಾಕೆಂದರೆ ವಯಲಿನ್‌ನಲ್ಲಿ ಡಿ4 ಅನ್ನು ಡಿ ತಂತಿಯನ್ನು ಬೆರಳಿಡದೆ ಖಾಲಿ ಎಳೆದೂ ನುಡಿಸಬಹುದು, ಜಿ ತಂತಿಯ ಮೇಲೆ ಬೆರಳೊತ್ತಿಯೂ ನುಡಿಸಬಹುದು. ಎರಡರ ನಾದ ಒಂದೇ ಅಲ್ಲ. ಒಂದು ತೊಡಕು: ಹಲವು ಫೈಲ್‌ಗಳಲ್ಲಿ ಒಂದೇ ಸ್ವರ ಇರುವುದಿಲ್ಲ, ಸಾಲಾಗಿ ಹನ್ನೆರಡು ಹದಿಮೂರು ಸ್ವರಗಳು ನಡುವೆ ಮೌನ ಬಿಟ್ಟು ಬರುತ್ತವೆ. ಬೇಕಾದ್ದನ್ನು ನೀವೇ ಕತ್ತರಿಸಿಕೊಳ್ಳಬೇಕು.

ಕತ್ತರಿಸುವ ತಾಪತ್ರಯ ಬೇಡ ಎನ್ನುವವರಿಗೆ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಸಂಗ್ರಹ ಇದೆ. ಸಾವಿರಾರು ಫೈಲ್‌ಗಳು, ಒಂದು ಫೈಲಿಗೆ ಒಂದೇ ಸ್ವರ. ಹೆಸರನ್ನು ಎಡದಿಂದ ಓದಿದರೆ ವಾದ್ಯ, ಸ್ವರ, ಉದ್ದ, ಜೋರು, ನುಡಿಸಿದ ಬಗೆ ಎಂದು ಕ್ರಮವಾಗಿ ಬರುತ್ತದೆ. ಉದ್ದದ ಜಾಗದಲ್ಲಿ 025 ಎಂದಿದ್ದರೆ ಕಾಲು ಸೆಕೆಂಡು, 05 ಎಂದರೆ ಅರ್ಧ, 15 ಎಂದರೆ ಒಂದೂವರೆ. ಒಂದೂವರೆ ಸೆಕೆಂಡಿಗಿಂತ ಚಿಕ್ಕದ್ದು ತೆಗೆದುಕೊಳ್ಳಬೇಡಿ. ಇವೆಲ್ಲ ಎಂಪಿ3. ಮೇಲೆ ಹೇಳಿದ ಕಥೆ ನೆನಪಿದೆಯಲ್ವಾ? ಹಾಗೆಂದು ಬಿಟ್ಟುಬಿಡಬೇಕಾಗಿಲ್ಲ. ಮೊದಲ ಹದಿನೈದು ಹಾರ್ಮೋನಿಕ್‌ಗಳನ್ನು ಮಾತ್ರ ಹೋಲಿಸುವುದಾದರೆ, ಡಿ4ಗೆ ಅದು ಸುಮಾರು 4,400 ಹರ್ಟ್ಸ್ ತನಕ, ಎಂಪಿ3 ಸಾಕು. ತೀರಾ ಮೇಲಿನ ಆವರ್ತನಗಳ ಬಗ್ಗೆ ಮಾತ್ರ ಇದರಿಂದ ತೀರ್ಮಾನಕ್ಕೆ ಬರಬೇಡಿ.

ಶಿಸ್ತಾಗಿ ಜೋಡಿಸಿದ, ಚಿಕ್ಕ ಸಂಗ್ರಹ ಬೇಕಿದ್ದರೆ ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯ ಟೈನಿಸೋಲ್ ಇದೆ. 14 ವಾದ್ಯಗಳು, 2,913 ಸ್ವರಗಳು, ಎಲ್ಲವೂ 44.1 ಕಿಲೋಹರ್ಟ್ಸ್‌ನ ವೇವ್, ಅಂದರೆ ಕುಗ್ಗಿಸದ ಫೈಲ್. ಝೆನೋಡೋ ತಾಣದಲ್ಲಿ ಸಿಗುತ್ತದೆ. ಹತ್ತಾರು ವಾದ್ಯಗಳನ್ನು ಒಟ್ಟಿಗೆ ಪ್ರೋಗ್ರಾಂ ಬರೆದು ಹೋಲಿಸುವ ಆಸೆ ಇದ್ದರೆ ನೇರ ಇದಕ್ಕೇ ಹೋಗಿ.

ಎನ್‌ಸಿಂತ್ ಹೆಸರು ಹುಡುಕಾಟದಲ್ಲಿ ಮೊದಲೇ ಸಿಗುತ್ತದೆ. ಗೂಗಲ್‌ನ ಮ್ಯಜೆಂಟಾ ತಂಡ 2017ರಲ್ಲಿ ಹೊರತಂದ ಸಂಗ್ರಹ, 3,05,979 ಸ್ವರಗಳು. ಸಂಖ್ಯೆ ನೋಡಿ ಮರುಳಾಗಬೇಡಿ. ಇದು ಯಂತ್ರಕಲಿಕೆಗೆಂದು ಮಾಡಿದ್ದು, ನಮ್ಮಂಥವರಿಗೆ ಅಲ್ಲ. ಸ್ಯಾಂಪಲಿಂಗ್ ದರ, ಅಂದರೆ ಸೆಕೆಂಡಿಗೆ ಶಬ್ದವನ್ನು ಅಳೆದ ಲೆಕ್ಕ, 16 ಕಿಲೋಹರ್ಟ್ಸ್. ಅದರ ಅರ್ಧದವರೆಗಿನ ಆವರ್ತನ ಮಾತ್ರ ಉಳಿಯುತ್ತದೆ, ಆದ್ದರಿಂದ 8 ಕಿಲೋಹರ್ಟ್ಸ್ ಮೇಲೆ ಏನೂ ಇಲ್ಲ. ಸ್ವರಗಳನ್ನು ವಾದಕರನ್ನು ಕೂರಿಸಿ ನುಡಿಸಿದ್ದಲ್ಲ, ಮಾರಾಟದ ಸ್ಯಾಂಪಲ್ ಲೈಬ್ರರಿಗಳಿಂದ (ಕಂಪ್ಯೂಟರಿನಲ್ಲಿ ಸಂಗೀತ ನುಡಿಸಲು ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳ ಕಟ್ಟು) ತೆಗೆದದ್ದು. ಜೊತೆಗೆ ಸಿಂಥಸೈಜರ್ ಶಬ್ದಗಳೂ ಬೆರೆತಿವೆ. ಬಳಸಲೇಬೇಕು ಅಂದರೆ ಹೆಸರಿನಲ್ಲಿ ಅಕೌಸ್ಟಿಕ್ ಎಂದಿರುವುದನ್ನು ಮಾತ್ರ ಆರಿಸಿ. ಹೆಸರಿನ ಕೊನೆಯ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಸ್ವರ, ಡಿ4ಗೆ 62.

ಪಿಯಾನೋಗೆ ಸಾಲಮ್ಯಾಂಡರ್ ಗ್ರ್ಯಾಂಡ್ ಪಿಯಾನೋ ಚೆನ್ನಾಗಿದೆ. ಯಮಹಾ ಸಿ5 ಪಿಯಾನೋವನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, 16 ಬೇರೆ ಬೇರೆ ಒತ್ತಡದಲ್ಲಿ ರೆಕಾರ್ಡ್ ಮಾಡಿದ್ದಾರೆ. ಇಲ್ಲೊಂದು ಗುಟ್ಟು ಇದೆ, ಬೇರೆ ಹಲವು ಸ್ಯಾಂಪಲ್ ಲೈಬ್ರರಿಗಳಿಗೂ ಇದು ಅನ್ವಯಿಸುತ್ತದೆ. ಇದರಲ್ಲಿ ನಿಜವಾಗಿ ನುಡಿಸಿದ್ದು ಎ, ಸಿ, ಡಿ-ಶಾರ್ಪ್, ಎಫ್-ಶಾರ್ಪ್ ಸ್ವರಗಳನ್ನು ಮಾತ್ರ. ನಡುವಿನ ಸ್ವರಗಳನ್ನು ಸಾಫ್ಟ್‌ವೇರ್ ಪಕ್ಕದ ಸ್ವರವನ್ನೇ ಎಳೆದು ಅಥವಾ ಕುಗ್ಗಿಸಿ ಮಾಡಿಕೊಡುತ್ತದೆ. ಹಾಗೆ ಮಾಡಿದಾಗ ವಾದ್ಯದ ಮರದ ಅನುರಣನವೂ ಸ್ವರದ ಜೊತೆ ಸರಿಯುತ್ತದೆ. ನಿಜವಾದ ಪಿಯಾನೋದಲ್ಲಿ ಮರ ಇದ್ದಲ್ಲೇ ಇರುತ್ತದೆ! ಆದ್ದರಿಂದ ಇಲ್ಲಿ ಡಿ4 ಬಿಟ್ಟು ಡಿ-ಶಾರ್ಪ್4 ತೆಗೆದುಕೊಳ್ಳಿ, ಬೇರೆ ವಾದ್ಯಗಳಿಗೂ ಅದನ್ನೇ ಹುಡುಕಿ. 311.13 ಹರ್ಟ್ಸ್, ಲೆಕ್ಕ ಸ್ವಲ್ಪ ಬದಲಾಗುತ್ತದೆ ಅಷ್ಟೇ.

ಆರ್ಕೆಸ್ಟ್ರಾದಲ್ಲಿ ಇಲ್ಲದ ವಾದ್ಯ ಬೇಕಿದ್ದಾಗ ದಾರಿ ಫ್ರೀಸೌಂಡ್. ಬಾರ್ಸಿಲೋನಾದ ಪೊಂಪೆಉ ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ತಂಡ 2005ರಲ್ಲಿ ಶುರು ಮಾಡಿದ ತಾಣ ಇದು. ಯಾರು ಬೇಕಾದರೂ ಹಾಕಬಹುದು, ಹಾಗಾಗಿ ರತ್ನವೂ ಇದೆ, ಕಸವೂ ಇದೆ. ಹುಡುಕುವಾಗ ವಾದ್ಯದ ಹೆಸರಿನ ಜೊತೆ ಸಿಂಗಲ್ ನೋಟ್, ಸಸ್ಟೇನ್, ಲಾಂಗ್ ಟೋನ್, ನಾನ್ ವೈಬ್ರಾಟೋ ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಕಮಾನಿನಿಂದ ನುಡಿಸಿದ ತಂತಿವಾದ್ಯ ಬೇಕಿದ್ದರೆ ಆರ್ಕೋ ಎಂದು ಸೇರಿಸಿ. ಖಾತೆ ತೆರೆಯಲು ಸೋಮಾರಿತನ ಮಾಡಬೇಡಿ. ಖಾತೆ ಇಲ್ಲದೆ ಸಿಗುವುದು ಕೇಳಿ ನೋಡಲು ಇಟ್ಟ ಕುಗ್ಗಿಸಿದ ಪ್ರತಿ, ಮೂಲ ಫೈಲ್ ಲಾಗಿನ್ ಆದ ಮೇಲೆಯೇ. ಒಂದೊಂದು ಫೈಲಿಗೂ ಪರವಾನಗಿ ಬೇರೆ ಇರುತ್ತದೆ, ಗ್ರಾಫ್ ಜೊತೆ ಶಬ್ದವನ್ನೂ ಪ್ರಕಟಿಸುವ ಯೋಚನೆ ಇದ್ದರೆ ಅದನ್ನು ಓದಿಕೊಳ್ಳಿ. ಇದೇ ವಿಶ್ವವಿದ್ಯಾಲಯದ ತಂಡದಿಂದ ಮೃದಂಗದ ಸಂಗ್ರಹವೂ ಬಂದಿದೆ: ಹತ್ತು ಬಗೆಯ ಹೊಡೆತ, ಆರು ಶ್ರುತಿ, ಒಟ್ಟು 7,162 ಬಿಡಿ ಹೊಡೆತಗಳು. ಚರ್ಮವಾದ್ಯಗಳ ಕಡೆ ಒಲವಿದ್ದವರಿಗೆ ಹಬ್ಬ.

ಒಂದು ನಿಯಮ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಹೋಲಿಸುವ ಎಲ್ಲಾ ವಾದ್ಯಗಳನ್ನೂ ಆದಷ್ಟು ಒಂದೇ ಸಂಗ್ರಹದಿಂದ ತೆಗೆದುಕೊಳ್ಳಿ. ಅಯೋವಾದ ಫ್ಲೂಟ್, ಫ್ರೀಸೌಂಡ್‌ನ ವಯಲಿನ್ ಎಂದು ಬೆರೆಸಿದರೆ ಮತ್ತೆ ಕೋಣೆ ಹೋಲಿಸುವ ಕಥೆಯೇ.

ತಂದ ಮೇಲೆ ತಪಾಸಣೆ

ಗ್ರಾಫ್ ತೆಗೆಯುವ ಮೊದಲು ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿ. ಸ್ವರ ನಿಂತ ಮೇಲೂ ಶಬ್ದದ ಬಾಲ ಉಳಿದಿದ್ದರೆ ಅದು ಕೋಣೆಯ ಪ್ರತಿಧ್ವನಿ ಅಥವಾ ಆಮೇಲೆ ಸೇರಿಸಿದ ರಿವರ್ಬ್ (ಕೃತಕ ಪ್ರತಿಧ್ವನಿ). ಆಮೇಲೆ ಆಡಾಸಿಟಿ (ಶಬ್ದ ತಿದ್ದುವ ಉಚಿತ ಸಾಫ್ಟ್‌ವೇರ್) ತೆರೆದು, ಟ್ರ್ಯಾಕಿನ ಮೆನುವಿನಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸಮಯ ಸರಿದಂತೆ ಆವರ್ತನಗಳನ್ನು ತೋರಿಸುವ ಚಿತ್ರ, ಆರಿಸಿ. ಅದರ ಸ್ಕೇಲ್ ಲೀನಿಯರ್ ಇಟ್ಟರೆ ಹಾರ್ಮೋನಿಕ್‌ಗಳು ಏಣಿಯ ಮೆಟ್ಟಿಲಿನ ಹಾಗೆ ಸಮ ಅಂತರದಲ್ಲಿ ಕಾಣಬೇಕು. ಮೇಲೆ ಎಲ್ಲೋ ಒಂದು ಕಡೆ ಎಲ್ಲವೂ ಒಮ್ಮೆಗೇ ಕಪ್ಪಾಗಿದ್ದರೆ ಅದು ಕುಗ್ಗಿಸಿದ ಫೈಲ್. ವೇವ್ ಎಂದು ಹೆಸರಿದ್ದ ಮಾತ್ರಕ್ಕೆ ನಂಬಬೇಡಿ; ಎಂಪಿ3ಯನ್ನು ವೇವ್ ಆಗಿ ಬದಲಿಸಿ ಹಾಕುವವರು ಇದ್ದಾರೆ, ಕಳೆದುಹೋದದ್ದು ಅದರಿಂದ ವಾಪಸ್ ಬರುವುದಿಲ್ಲ. ಅಲೆಯ ತುದಿಗಳು ಚಪ್ಪಟೆಯಾಗಿದ್ದರೆ ರೆಕಾರ್ಡಿಂಗ್ ಒಡೆದಿದೆ. ಒಡೆದ ಶಬ್ದ ವಾದ್ಯದಲ್ಲಿಲ್ಲದ ಹಾರ್ಮೋನಿಕ್‌ಗಳನ್ನು ತಾನೇ ಹುಟ್ಟಿಸುತ್ತದೆ. ಅಂಥದ್ದನ್ನು ಆಗಲೇ ಅಳಿಸಿಬಿಡಿ.

ಸ್ಥಿರವಾದ ಭಾಗ ಕತ್ತರಿಸಿ

ಪ್ರತಿ ಸ್ವರಕ್ಕೂ ಒಂದು ಆರಂಭ ಇದೆ: ಕಮಾನು ತಂತಿಯನ್ನು ಹಿಡಿಯುವ ಕ್ಷಣ, ತುಟಿಯಿಂದ ಗಾಳಿ ಹೊರಡುವ ಕ್ಷಣ. ಅಲ್ಲಿ ಗದ್ದಲ ಜಾಸ್ತಿ. ಆಮೇಲೆ ಸ್ವರ ನೆಲೆ ನಿಲ್ಲುತ್ತದೆ, ಕೊನೆಗೆ ಕರಗುತ್ತದೆ. ನಮಗೆ ಬೇಕಾದದ್ದು ನಡುವಿನದು. ಆರಂಭದಿಂದ ಅರ್ಧ ಸೆಕೆಂಡು ಬಿಟ್ಟು, ಮುಂದಿನ ಒಂದು ಸೆಕೆಂಡು ಆಯ್ಕೆ ಮಾಡಿ. ಎಲ್ಲಾ ವಾದ್ಯಗಳಿಗೂ ಅಷ್ಟೇ ಉದ್ದ, ಅದೇ ಜಾಗ. ಸ್ಟೀರಿಯೋ ಫೈಲ್ ಆಗಿದ್ದರೆ ಎರಡನ್ನೂ ಸೇರಿಸಿ ಮೋನೋ ಮಾಡಬೇಡಿ, ಒಂದು ಚಾನೆಲ್ ಮಾತ್ರ ಇಟ್ಟುಕೊಳ್ಳಿ. ಎರಡು ಮೈಕ್‌ಗಳಿಗೆ ಶಬ್ದ ತಲುಪುವ ಸಮಯ ಬೇರೆ ಬೇರೆ ಇದ್ದರೆ, ಕೂಡಿಸಿದಾಗ ಕೆಲವು ಆವರ್ತನಗಳು ಒಂದನ್ನೊಂದು ತಿಂದುಹಾಕುತ್ತವೆ.

ಸ್ಪೆಕ್ಟ್ರಮ್ ತೆಗೆಯುವುದು

ಆಯ್ಕೆ ಹಾಗೇ ಇಟ್ಟುಕೊಂಡು ಅನಲೈಸ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿ. ವಿಂಡೋ ಹಾನ್ ಇರಲಿ. ಸೈಜ್ 16384 ಮಾಡಿ. 44,100 ಅನ್ನು 16,384ರಿಂದ ಭಾಗಿಸಿದರೆ 2.7, ಅಂದರೆ ಗ್ರಾಫಿನ ಒಂದೊಂದು ಬಿಂದುವಿಗೂ 2.7 ಹರ್ಟ್ಸ್ ಅಂತರ. ನಮ್ಮ ಹಾರ್ಮೋನಿಕ್‌ಗಳು 294 ಹರ್ಟ್ಸ್ ದೂರ ದೂರ ಇವೆ, ಇಷ್ಟು ಸೂಕ್ಷ್ಮತೆ ಬೇಕಾದಷ್ಟಾಯಿತು. ಇಷ್ಟು ಸೈಜಿಗೆ 0.37 ಸೆಕೆಂಡಿನ ಶಬ್ದ ಬೇಕು. ನಾವು ಒಂದು ಸೆಕೆಂಡು ಕೊಟ್ಟಿದ್ದೇವೆ, ಹಾಗಾಗಿ ಅದು ಹಲವು ತುಣುಕು ತೆಗೆದು ಸರಾಸರಿ ಮಾಡುತ್ತದೆ. ಅಕ್ಷ ಲೀನಿಯರ್ ಇಟ್ಟರೆ ಹಾರ್ಮೋನಿಕ್‌ಗಳ ಸಮ ಅಂತರ ಕಣ್ಣಿಗೆ ಕಟ್ಟುತ್ತದೆ.

ಮೌಸ್ ಅನ್ನು ಶಿಖರದ ಹತ್ತಿರ ಒಯ್ದರೆ ಕೆಳಗೆ ಅದರ ಆವರ್ತನ, ಸ್ವರದ ಹೆಸರು, ಡೆಸಿಬೆಲ್ ಬರುತ್ತದೆ. ಮೊದಲ ಶಿಖರ 294 ಹತ್ತಿರ ಇದೆಯಾ ನೋಡಿ. 295 ಇದ್ದರೆ ಗಾಬರಿ ಬೇಡ, ಎ4 ಅನ್ನು 440ರ ಬದಲು 442 ಹರ್ಟ್ಸ್‌ಗೆ ಇಟ್ಟು ವಾದ್ಯಗಳನ್ನು ಶ್ರುತಿ ಮಾಡುವುದೂ ಇದೆ. 147 ಅಥವಾ 587 ಇದ್ದರೆ ಮಾತ್ರ ಸ್ವರವೇ ತಪ್ಪು. ಮುಂದಿನವು 587, 881, 1,175, 1,468 ಹೀಗೆ ಸಿಗುತ್ತವೆ. ಎಕ್ಸ್‌ಪೋರ್ಟ್ ಒತ್ತಿದರೆ ಇಡೀ ಗ್ರಾಫ್ ಅಂಕಿಗಳಾಗಿ ಪಠ್ಯ ಫೈಲಿನಲ್ಲಿ ಬರುತ್ತದೆ, ಸ್ಪ್ರೆಡ್‌ಶೀಟಿಗೆ ಹಾಕಿಕೊಳ್ಳಿ.

ಈಗ ಹೋಲಿಕೆ

ಡೆಸಿಬೆಲ್ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಮೈಕ್ ಎಷ್ಟು ಹತ್ತಿರ ಇತ್ತು, ಗೇನ್ (ಮೈಕ್ ಶಬ್ದವನ್ನು ಹಿಗ್ಗಿಸುವ ಮಟ್ಟ) ಎಷ್ಟಿತ್ತು ಎನ್ನುವುದೆಲ್ಲ ಅದರಲ್ಲಿ ಸೇರಿರುತ್ತದೆ. ಪ್ರತಿ ವಾದ್ಯದಲ್ಲೂ ಅತಿ ಎತ್ತರದ ಶಿಖರವನ್ನು ಸೊನ್ನೆ ಎಂದುಕೊಂಡು, ಉಳಿದವು ಅದಕ್ಕಿಂತ ಎಷ್ಟು ಕೆಳಗೆ ಎಂದು ಬರೆಯಿರಿ. ಉದಾಹರಣೆಗೆ ಮೊದಲನೆಯದು −28, ಎರಡನೆಯದು −62 ಎಂದು ಓದಿದರೆ, ಬರೆಯಬೇಕಾದದ್ದು 0 ಮತ್ತು −34. ವೈಶಾಲ್ಯದಲ್ಲಿ 6 ಡೆಸಿಬೆಲ್ ಅಂದರೆ ಅರ್ಧ, 20 ಅಂದರೆ ಹತ್ತರಲ್ಲೊಂದು. 34 ಡೆಸಿಬೆಲ್ ಕೆಳಗೆ ಅಂದರೆ ಐವತ್ತರಲ್ಲೊಂದು. ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಕ್ಲಾರಿನೆಟ್ ತೆರೆದರೆ ಇಂಥದ್ದೇ ನೋಟ ಸಿಗುತ್ತದೆ. ಒಂದು, ಮೂರು, ಐದು ಎತ್ತರ. ಎರಡು, ನಾಲ್ಕು ಹಳ್ಳದಲ್ಲಿ. ಅದರ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ, ರೀಡ್ ಇರುವ ತುದಿ ಮುಚ್ಚಿದ ಹಾಗೆ ವರ್ತಿಸುತ್ತದೆ. ಅಂಥ ಕೊಳವೆ ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳಿಗೇ ಒಲಿಯುತ್ತದೆ. ಮೇಲಕ್ಕೆ ಹೋದಂತೆ ಈ ಪಕ್ಷಪಾತ ಕರಗಿ ಸಮ, ಬೆಸ ಎರಡೂ ಒಂದಾಗುತ್ತವೆ. ಓಬೋದಲ್ಲಿ ಇನ್ನೊಂದು ಬೆರಗು ಇದೆ. ನಾವು ಕೇಳುವ ಸ್ವರ ಡಿ4 ಆದರೂ 294ರ ಶಿಖರ ಅತಿ ಎತ್ತರದ್ದಾಗಿರಬೇಕಿಲ್ಲ, ಮೇಲಿನವು ಅದನ್ನು ಮೀರಿಸಿರಬಹುದು. ಶಿಖರಗಳ ನಡುವಿನ ಸಮ ಅಂತರದಿಂದಲೇ ಕಿವಿ ಸ್ವರವನ್ನು ಕಟ್ಟಿಕೊಳ್ಳುತ್ತದೆ. ಫ್ಲೂಟ್‌ನಲ್ಲಿ ಮೊದಲ ಕೆಲವು ಬಿಟ್ಟರೆ ಬೇಗ ಇಳಿಜಾರು, ಶಿಖರಗಳ ನಡುವೆ ಗಾಳಿಯ ಸದ್ದು ಹುಲ್ಲಿನ ಹಾಗೆ ಹಬ್ಬಿರುತ್ತದೆ. ವಯಲಿನ್‌ನಲ್ಲಿ ಶಿಖರಗಳು ತುಂಬಾ ಮೇಲಿನವರೆಗೂ ಇರುತ್ತವೆ, ಆದರೆ ಏರುಪೇರು. ಅದು ಮರದ ಪೆಟ್ಟಿಗೆಯ ಕೆಲಸ. ಪಕ್ಕದ ಸ್ವರ ಡಿ-ಶಾರ್ಪ್4 ತೆಗೆದು ನೋಡಿ, ಏರುಪೇರಿನ ಕ್ರಮವೇ ಬದಲಾಗಿರುತ್ತದೆ. ಆದ್ದರಿಂದ ಒಂದು ಸ್ವರ ನೋಡಿ "ವಯಲಿನ್ ಹೀಗೆ" ಎಂದು ಬರೆಯಬೇಡಿ, ಕನಿಷ್ಠ ಮೂರು ನಾಲ್ಕು ಸ್ವರ ನೋಡಿ. ವಯಲಿನ್ ಒಂದೊಂದು ದಿಕ್ಕಿಗೆ ಒಂದೊಂದು ಬಗೆಯಲ್ಲಿ ಶಬ್ದ ಚೆಲ್ಲುತ್ತದೆ ಬೇರೆ. ಒಂದು ಮೈಕ್ ಹಿಡಿಯುವುದು ಒಂದು ದಿಕ್ಕಿನದು ಮಾತ್ರ.

ಪಿಯಾನೋ ಸ್ವಲ್ಪ ತರಲೆ

ಪಿಯಾನೋದಲ್ಲಿ ಸ್ಥಿರವಾದ ಭಾಗವೇ ಇಲ್ಲ. ಸುತ್ತಿಗೆ ಬಿದ್ದ ಕ್ಷಣದಿಂದ ಶಬ್ದ ಇಳಿಯುತ್ತಲೇ ಇರುತ್ತದೆ, ಮೇಲಿನ ಹಾರ್ಮೋನಿಕ್‌ಗಳು ಇನ್ನೂ ಬೇಗ ಸಾಯುತ್ತವೆ. ಆದ್ದರಿಂದ ಎಲ್ಲಿಂದ ಕತ್ತರಿಸಿದಿರಿ ಎನ್ನುವುದನ್ನು ಅಂಕಿಯ ಪಕ್ಕದಲ್ಲೇ ಬರೆದಿಡಿ. ತಂತಿ ಗಡುಸಾಗಿರುವುದರಿಂದ ಹಾರ್ಮೋನಿಕ್‌ಗಳು ನಿಖರ ಗುಣಕದಲ್ಲಿ ಇರುವುದಿಲ್ಲ, ಮೇಲೆ ಹೋದಂತೆ ಸ್ವಲ್ಪ ಸ್ವಲ್ಪ ಮುಂದೆ ಸರಿದಿರುತ್ತವೆ. ಹತ್ತನೆಯದನ್ನು ಲೆಕ್ಕ ಹಾಕಿದ ಜಾಗದಲ್ಲಿ ಹುಡುಕಿ ಸಿಗಲಿಲ್ಲ ಎಂದರೆ ಬಲಕ್ಕೆ ನೋಡಿ.

ಇಲ್ಲೊಂದು ಆಟ ಆಡಿ. ಪಿಯಾನೋ ಸ್ವರ ಪೂರ್ತಿ ಆಯ್ಕೆ ಮಾಡಿ ರಿವರ್ಸ್ ಮಾಡಿ. ಕೇಳಿದರೆ ಪಿಯಾನೋ ಎಂದು ಹೇಳಲು ಬಾರದು, ಹಾರ್ಮೋನಿಯಂ ತಿದಿ ಒತ್ತಿದ ಹಾಗೆ ಶಬ್ದ ಊದಿಕೊಂಡು ಬರುತ್ತದೆ. ಆದರೆ ಇಡೀ ಸ್ವರದ ಸ್ಪೆಕ್ಟ್ರಮ್ ಲೆಕ್ಕ ಹಾಕಿದರೆ ಎರಡರಲ್ಲೂ ಹಾರ್ಮೋನಿಕ್‌ಗಳ ಬಲ ಒಂದೇ! ವಾದ್ಯ ಗುರುತು ಹಿಡಿಯಲು ಆರಂಭದ ಕ್ಷಣ ಎಷ್ಟು ಮುಖ್ಯ ಎಂಬುದನ್ನು ಸಾಲ್ಡಾನಾ ಮತ್ತು ಕೋರ್ಸೋ ಎಂಬ ಸಂಶೋಧಕರು 1964ರಲ್ಲೇ ಪರೀಕ್ಷಿಸಿ ತೋರಿಸಿದ್ದರು; ಆರಂಭ ಕತ್ತರಿಸಿ ಕೇಳಿಸಿದಾಗ ಕೇಳುಗರು ಹೆಚ್ಚು ತಪ್ಪು ಮಾಡಿದರು. ನಾವು ಬೇಡ ಎಂದು ಕತ್ತರಿಸಿ ಬಿಟ್ಟ ಆ ಅರ್ಧ ಸೆಕೆಂಡನ್ನು ಎಸೆಯಬೇಡಿ, ಬೇರೆ ಫೈಲಾಗಿ ಇಟ್ಟುಕೊಳ್ಳಿ. ಅದನ್ನು ಸ್ಪೆಕ್ಟ್ರೋಗ್ರಾಮ್‌ನಲ್ಲಿ ನೋಡಬೇಕು.

ಎಲ್ಲೂ ಸಿಗದಿದ್ದರೆ

ವಾದ್ಯ ಕೈಯಲ್ಲೇ ಇದ್ದರೆ ನೀವೇ ರೆಕಾರ್ಡ್ ಮಾಡಿ. ಫೋನ್ ಸಾಕು, ಆದರೆ ವೇವ್ ರೂಪದಲ್ಲಿ ಉಳಿಸುವ, ತಾನಾಗೇ ವಾಲ್ಯೂಮ್ ಏರಿಳಿಸದ ಆ್ಯಪ್ ಬೇಕು. ಗದ್ದಲ ತೆಗೆಯುವ ಸೌಲಭ್ಯ ಆಫ್ ಮಾಡಿ. ಅದು ಉದ್ದಕ್ಕೆ ಹಿಡಿದ ಸ್ವರವನ್ನೇ ಗದ್ದಲ ಎಂದು ತಿಳಿದು ಅಳಿಸುವುದುಂಟು. ಬಟ್ಟೆ, ಹಾಸಿಗೆ, ಪರದೆ ತುಂಬಿದ ಕೋಣೆ ಆರಿಸಿ. ಫೋನ್ ವಾದ್ಯದಿಂದ ಒಂದು ಮೀಟರ್ ದೂರದಲ್ಲಿ, ಗೋಡೆಗೆ ಹತ್ತಿರವಾಗದ ಹಾಗೆ ಇರಲಿ, ಎಲ್ಲಾ ವಾದ್ಯಗಳಿಗೂ ಅದೇ ಜಾಗ. ಒಂದೊಂದು ಸ್ವರವನ್ನೂ ಮೂರು ಸಲ, ಮೂರು ಸೆಕೆಂಡು ನುಡಿಸಿ. ಮೊದಲು ಒಂದೇ ವಾದ್ಯದ ಆ ಮೂರು ಸಲದ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಐದನೇ ಹಾರ್ಮೋನಿಕ್ ಮೂರರಲ್ಲಿ 4 ಡೆಸಿಬೆಲ್ ಆಚೀಚೆ ಓಡಾಡುತ್ತಿದ್ದರೆ, ಎರಡು ವಾದ್ಯಗಳ ನಡುವೆ ಅಲ್ಲಿ ಕಾಣುವ 3 ಡೆಸಿಬೆಲ್ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.